ಡೆಪೆಂಡೆನ್ಸಿ ಮುರಿದರೆ ಉಬುಂಟು ಮತ್ತೆ ಹಾಕಬೇಕಿಲ್ಲ

ಹೊರಗಿನಿಂದ ತಂದ ಡೆಬ್ ಫೈಲನ್ನು (ಉಬುಂಟುವಿನ ಸಾಫ್ಟ್‌ವೇರ್ ಪ್ಯಾಕೇಜ್) ಉಬುಂಟು 22.04ರಲ್ಲಿ ಡಿಪಿಕೆಜಿ ಎಂಬ ಕಮಾಂಡ್ ಮೂಲಕ ಹಾಕಿದ ಮೇಲೆ 'ಅನ್‌ಮೆಟ್ ಡೆಪೆಂಡೆನ್ಸೀಸ್' (ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು ಇಲ್ಲ) ಅಂತ ಎರರ್ ಬರುತ್ತಿದೆ, ಬೇರೆ ಏನೂ ಇನ್‌ಸ್ಟಾಲ್ ಆಗುತ್ತಿಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕಲೇ ಅಂತ ಕೇಳಿದ್ದೀರಿ. ಖಂಡಿತ ಬೇಡ.

ಡಿಪಿಕೆಜಿ ನೀವು ಕೊಟ್ಟ ಫೈಲನ್ನಷ್ಟೇ ಬಿಚ್ಚಿ ಇಡುತ್ತದೆ. ಅದಕ್ಕೆ ಬೇಕಾದ ಉಳಿದ ಪ್ಯಾಕೇಜುಗಳನ್ನು ಹುಡುಕಿ ತರುವುದು ಆಪ್ಟ್ ಎಂಬ ಇನ್ನೊಂದು ಕಮಾಂಡಿನ ಕೆಲಸ. ಈಗ ಒಂದು ಪ್ಯಾಕೇಜ್ ಅರ್ಧಕ್ಕೆ ನಿಂತಿದೆ, ಅದು ಸರಿಯಾಗುವವರೆಗೆ ಆಪ್ಟ್ ಮುಂದೆ ಹೋಗುವುದಿಲ್ಲ.

ನಿಮ್ಮ ಎರರ್‌ನಲ್ಲಿ 'ಲಿಬ್‌ಸಿ6 2.38 ಅಥವಾ ಮೇಲಿನದು ಬೇಕು, ಇರುವುದು 2.35' ಅಂತ ಇದೆ, ಅಲ್ವಾ? ಗುಟ್ಟು ಅಲ್ಲೇ ಇದೆ. ಲಿಬ್‌ಸಿ6 ಅಂದರೆ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಮೂಲ ಲೈಬ್ರರಿ. 22.04ರಲ್ಲಿ ಬರುವುದು 2.35, 24.04ರಲ್ಲಿ 2.39. ನಿಮ್ಮ ಡೆಬ್ ಹೊಸ ಉಬುಂಟುಗೆ ಮಾಡಿದ್ದು ಇರಬೇಕು. ದಯವಿಟ್ಟು ಹೊಸ ಲಿಬ್‌ಸಿಯನ್ನು ಎಲ್ಲಿಂದಲೋ ತಂದು ತುರುಕಬೇಡಿ. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮೂ ಅದರ ಮೇಲೇ ನಿಂತಿದೆ. ಅದು ಕೆಟ್ಟರೆ ಫೈಲುಗಳ ಪಟ್ಟಿ ತೋರಿಸುವ 'ಎಲ್‌ಎಸ್' ಕೂಡ ಓಡುವುದಿಲ್ಲ.

ಮೊದಲು 'ಸುಡೋ ಆಪ್ಟ್ ಅಪ್‌ಡೇಟ್', ಆಮೇಲೆ 'ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕೊಡಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ). ವೈ ಒತ್ತುವ ಮುಂಚೆ, ತೆಗೆದುಹಾಕುತ್ತೇನೆ ಅಂತ ಅದು ತೋರಿಸುವ ಪಟ್ಟಿಯನ್ನು ನಿಧಾನವಾಗಿ ಓದಿ. ಆ ಒಂದು ಪ್ಯಾಕೇಜ್ ಮಾತ್ರ ಇದ್ದರೆ ಸರಿ. 'ಉಬುಂಟು-ಡೆಸ್ಕ್‌ಟಾಪ್' ಅಥವಾ 'ಜಿನೋಮ್-ಶೆಲ್' ಕಂಡರೆ (ಪರದೆಯ ಮೇಲಿನ ಡೆಸ್ಕ್‌ಟಾಪ್ ಇವುಗಳದ್ದೇ) ಎನ್ ಒತ್ತಿ, ಪಟ್ಟಿಯನ್ನು ಇಲ್ಲಿ ಹಾಕಿ. ನಾನೊಮ್ಮೆ ಓದದೆ ವೈ ಒತ್ತಿದ್ದೆ. ರೀಬೂಟ್ ಆದಾಗ ಕಪ್ಪು ಪರದೆ, ಮೂಲೆಯಲ್ಲಿ ಬರೀ 'ಲಾಗಿನ್:' ಅಂತ ಒಂದು ಸಾಲು.

ಎಲ್ಲ ಸರಿಯಾದ ಮೇಲೆ ಅದೇ ಸಾಫ್ಟ್‌ವೇರಿನ 22.04ರ ಡೆಬ್ ಹುಡುಕಿ. ಡೌನ್‌ಲೋಡ್ ಆದ ಫೋಲ್ಡರಿನಿಂದಲೇ 'ಸುಡೋ ಆಪ್ಟ್ ಇನ್‌ಸ್ಟಾಲ್ ./' ಅಂತ ಬರೆದು, ಜಾಗ ಬಿಡದೆ ಫೈಲ್ ಹೆಸರು ಸೇರಿಸಿ. ಬೇಕಾದ ಉಳಿದದ್ದನ್ನು ಆಪ್ಟ್ ತಾನೇ ತರುತ್ತದೆ.