ಕಾರು ಅಡ್ಡ ಬಂದಾಗ ಲಾರಿಯವರು ಏನು ಮಾಡಬೇಕು?

ಪ್ರಶ್ನೆ: ನಾನು ಹದಿನೆಂಟು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಕಳೆದ ತಿಂಗಳು ಬೆಂಗಳೂರಿಗೆ ಮೆಕ್ಕೆಜೋಳದ ಲೋಡು ಒಯ್ಯುತ್ತಿದ್ದಾಗ, ಹಿರಿಯೂರು ದಾಟಿದ ಮೇಲೆ ಒಂದು ಕಾರು ಎಡಗಡೆಯಿಂದ ನುಗ್ಗಿ, ಕಟ್ ಹೊಡೆದು, ನನ್ನ ಮುಂದೆಯೇ ಬ್ರೇಕ್ ಹಾಕಿತು. ಹೇಗೋ ಲಾರಿಯನ್ನು ಹಿಡಿದು ನಿಲ್ಲಿಸಿದೆ. ಆದರೆ ಸಿಟ್ಟು ತಡೆಯಲಾರದೆ ನಾಲ್ಕೈದು ಕಿಲೋಮೀಟರ್ ಆ ಕಾರಿನ ಬೆನ್ನು ಹತ್ತಿ, ಹಾರ್ನ್ ಒತ್ತುತ್ತಾ, ಡಿಪ್ಪರ್ ಹೊಡೆಯುತ್ತಾ ಹೋದೆ. ಕ್ಲೀನರ್ ಆಗಿರುವ ಅಕ್ಕನ ಮಗ ‘ಮಾವ, ಸಾಕು ಬಿಡು’ ಎಂದು ತೋಳು ಹಿಡಿದಾಗಲೇ ವೇಗ ಇಳಿಸಿದ್ದು. ತಪ್ಪು ಅವರದಾದರೂ ನಾವೇ ತಗ್ಗಬೇಕೇ? ಅಂತರ ಬಿಡೋಣವೆಂದರೆ, ಬಿಟ್ಟ ಜಾಗಕ್ಕೆಲ್ಲ ಕಾರುಗಳೇ ನುಗ್ಗುತ್ತವೆ.
– ಓದುಗರು, ರಾಣೆಬೆನ್ನೂರು

ಉತ್ತರ: ತಪ್ಪು ಆ ಕಾರಿನವರದೇ, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ಹತ್ತಿರದಲ್ಲಿ ಲಾರಿಯನ್ನು ಹತೋಟಿ ತಪ್ಪದಂತೆ ನಿಲ್ಲಿಸಿದ್ದು ನಿಮ್ಮ ಅನುಭವದ ಫಲ. ಆದರೆ ಅನಂತರದ ನಾಲ್ಕೈದು ಕಿಲೋಮೀಟರ್‌ಗಳಲ್ಲಿ ಆ ಕಾರು ಮತ್ತೊಮ್ಮೆ ಬ್ರೇಕ್ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಾರಿನ ಬ್ರೇಕು ಪೆಡಲ್ ಒತ್ತಿದೊಡನೆ ಹಿಡಿಯುತ್ತದೆ. ಲಾರಿಯ ಏರ್ ಬ್ರೇಕಿನಲ್ಲಿ ಗಾಳಿಯು ಪೈಪುಗಳ ಮೂಲಕ ಹಿಂದಿನ ಚಕ್ರಗಳ ಚೇಂಬರ್‌ವರೆಗೆ ತಲುಪಬೇಕಾಗಿರುವುದರಿಂದ ಒಂದು ಕ್ಷಣ ತಡವಾಗುತ್ತದೆ. ಹತ್ತು ಚಕ್ರದ ಲಾರಿಯಾದರೆ ಲೋಡು ಸೇರಿ 28.5 ಟನ್‌ವರೆಗೂ ತೂಕವಿರುತ್ತದೆ. ಆ ತೂಕ ಹಿಂದಿನಿಂದ ಗುದ್ದಿದರೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಉಳಿಗಾಲವಿಲ್ಲ. ಕಾರು ಓಡಿಸಿದವನ ಉದ್ಧಟತನದಲ್ಲಿ ಅವರ ಪಾಲು ಏನೂ ಇರುವುದಿಲ್ಲ.

ಅಂತರದ ಬಗ್ಗೆ ನೀವು ಹೇಳಿದ್ದು ನಿಜವಾದ ತೊಂದರೆ. ಮುಂದಿನ ವಾಹನವು ಒಂದು ಕಂಬವನ್ನು ದಾಟಿದಾಗ ಎಣಿಕೆ ಶುರು ಮಾಡಿ, ನಿಮ್ಮ ಬಂಪರ್ ಅದೇ ಕಂಬಕ್ಕೆ ಬರುವಷ್ಟರಲ್ಲಿ ಕನಿಷ್ಠ ನಾಲ್ಕು ಸೆಕೆಂಡು ಆಗಿರಬೇಕೆಂದು ನಾನು ಕಲಿಸುತ್ತಿದ್ದೆ; ಮಳೆಯಿದ್ದರೆ ಇನ್ನೂ ಹೆಚ್ಚು. ಆ ಜಾಗಕ್ಕೆ ಕಾರು ನುಗ್ಗಿದರೆ ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿ, ಅಂತರವನ್ನು ಮತ್ತೆ ಕಟ್ಟಿಕೊಳ್ಳಿ. ಪ್ರತಿ ಸಲವೂ ನಿಮಗಾಗುವ ನಷ್ಟ ಹೆಚ್ಚೆಂದರೆ ನಾಲ್ಕು ಸೆಕೆಂಡು. ಹಿರಿಯೂರಿನಿಂದ ತುಮಕೂರಿನವರೆಗೆ ಮೂವತ್ತು ಕಾರುಗಳು ಹೀಗೆ ನುಗ್ಗಿದರೂ ಒಟ್ಟು ಎರಡು ನಿಮಿಷ, ಅಂದರೆ ಸಿರಾದಲ್ಲಿ ಒಂದು ಲೋಟ ಚಹಾ ಕುಡಿಯಲು ಬೇಕಾದ ಹೊತ್ತಿಗಿಂತಲೂ ಕಡಿಮೆ. ಲೋಡು ತಡವಾಯಿತೆಂದು ಮಾಲೀಕರು ರೇಗುವುದು ಈ ಎರಡು ನಿಮಿಷಕ್ಕಲ್ಲ ಎಂಬುದು ನಿಮಗೂ ಗೊತ್ತು.

ವಾಹನ ತೀರ ಹತ್ತಿರಕ್ಕೆ ಬಂದಾಗ ನೇರವಾಗಿ ಬ್ರೇಕ್ ಹಾಕಿ. ಸ್ಟೇರಿಂಗನ್ನು ಥಟ್ಟನೆ ತಿರುಗಿಸಬೇಡಿ. ಚೀಲಗಳನ್ನು ಎತ್ತರಕ್ಕೆ ಪೇರಿಸಿದ ಲಾರಿ ಹಾಗೆ ತಿರುಗಿಸಿದರೆ ಮಗುಚಿ ಬೀಳುತ್ತದೆ, ಇಲ್ಲವೇ ಪಕ್ಕದಲ್ಲಿರುವ ಬೈಕಿನವರ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಬಹಳ ಹಿಂದೆ ಶಿರಾಡಿ ಘಾಟಿಯಲ್ಲಿ ನನ್ನ ಬಳಿ ಕಲಿಯುತ್ತಿದ್ದ ಹುಡುಗನೊಬ್ಬ, ಹಿಂದಿನ ಕಾರು ಪದೇ ಪದೇ ಹಾರ್ನ್ ಮಾಡುತ್ತಿದ್ದುದರಿಂದ ಬೇಸತ್ತು, ಕಿಟಕಿಯಿಂದ ಕೈ ಬೀಸಿ ‘ಹೋಗು’ ಎಂದ. ಕಾರು ನಮ್ಮ ಪಕ್ಕಕ್ಕೆ ಬರುವುದಕ್ಕೂ ತಿರುವಿನಲ್ಲಿ ಬಸ್ಸು ಕಾಣಿಸುವುದಕ್ಕೂ ಸರಿಹೋಯಿತು. ನಾವು ಏರುದಾರಿಯಲ್ಲಿ ಎರಡನೇ ಗೇರಿನಲ್ಲಿದ್ದುದರಿಂದ ಲಾರಿ ತಕ್ಷಣ ನಿಂತಿತು, ಕಾರು ನಮ್ಮ ಮುಂದೆ ತೂರಿಕೊಂಡಿತು. ಅದರ ಹಿಂಬದಿ ಗಾಜಿನಲ್ಲಿ ಬಿಸ್ಕತ್ತು ಹಿಡಿದ ಮಗುವೊಂದು ನಮ್ಮನ್ನೇ ನೋಡುತ್ತಿತ್ತು. ಹುಡುಗನಿಗೆ ಅರ್ಧ ಗಂಟೆ ಮತ್ತೆ ಲಾರಿ ಮುಟ್ಟಲಾಗಲಿಲ್ಲ. ಕಾಣದ ತಿರುವಿನ ಬಗ್ಗೆ ನಾವು ಯಾರಿಗೂ ಭರವಸೆ ಕೊಡಬಾರದು. ಯಾರಾದರೂ ಅಪಾಯಕರವಾಗಿ ಓವರ್‌ಟೇಕ್ ಮಾಡಲು ಹೊರಟಾಗ ನಮ್ಮ ವೇಗ ಹೆಚ್ಚಿಸದೆ, ಅವರು ಒಳಗೆ ಬರಲು ಜಾಗ ಮಾಡಿಕೊಡಬೇಕು.

ತಗ್ಗುವುದೆಂದರೆ ಸುಮ್ಮನಿರುವುದು ಎಂದೇನಿಲ್ಲ. ಅಕ್ಕನ ಮಗನಿಗೆ ನಂಬರ್, ಸಮಯ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆದುಕೊಳ್ಳಲು ಹೇಳಿ. ಅಪಾಯ ಮುಂದುವರಿದಿದ್ದರೆ ಅವನೇ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಲಿ. ಗಾಜಿಗೊಂದು ಡ್ಯಾಶ್ ಕ್ಯಾಮರಾ ಹಾಕಿಸುವಂತೆ ಮಾಲೀಕರನ್ನು ಕೇಳಿ. ಮುಂದೆ ತಕರಾರು ಬಂದರೆ ನಿಮ್ಮ ಪರವಾಗಿ ನಿಲ್ಲುವುದು ಅದೇ.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರಾಲಿಗಳು, ರಾಂಗ್ ಸೈಡಿನಲ್ಲಿ ಬರುವ ಟ್ರ್ಯಾಕ್ಟರ್‌ಗಳು ರಾತ್ರಿ ಹೆದರಿಸುತ್ತವೆ. ಏನು ಮಾಡುವುದು?
– ಓದುಗರು, ಮುಧೋಳ

ಉತ್ತರ: ಎದುರು ದಿಕ್ಕಿನಲ್ಲಿ ವಾಹನ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅಪಾಯಕಾರಿ ಚಾಲನೆಯೆಂದೇ ಹೇಳುತ್ತದೆ. ಆದರೆ ಕತ್ತಲಲ್ಲಿ ನಿಮ್ಮನ್ನು ಕಾಯುವುದು ವೇಗ ಮಾತ್ರ: ನಿಮ್ಮ ದೀಪದ ಬೆಳಕು ಬೀಳುವಷ್ಟು ದೂರದೊಳಗೆ ಲಾರಿ ನಿಲ್ಲುವಂತಿರಬೇಕು. ಎದುರಿನವರು ಹೈ ಬೀಮ್ ಇಳಿಸದಿದ್ದರೆ ನೀವೂ ಸೇಡಿಗೆ ಏರಿಸಬೇಡಿ, ಇಬ್ಬರಿಗೂ ನಡುವಿನ ಟ್ರಾಲಿ ಕಾಣದಂತಾಗುತ್ತದೆ. ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ಕಣ್ಣಿಟ್ಟು ನಿಧಾನಿಸಿ.

ಪ್ರಶ್ನೆ: ನನ್ನ ಯಜಮಾನರು ಲಾರಿ ಚಾಲಕರು. ಯಾರದೇ ತಪ್ಪಿನಿಂದ ಅಪಘಾತವಾದರೂ ಜನ ಹೊಡೆಯುವುದು ದೊಡ್ಡ ಗಾಡಿಯವನಿಗೇ, ಆದ್ದರಿಂದ ನಿಲ್ಲಬೇಡ ಎಂದು ಅವರ ಸಂಗಡಿಗರು ಹೇಳುತ್ತಾರೆ. ಇದು ಸರಿಯೇ?
– ಓದುಗರು, ಚಿತ್ರದುರ್ಗ

ಉತ್ತರ: ತಾಯಿ, ನಿಮ್ಮ ಭಯ ಸಹಜವಾದದ್ದು, ಕಾನೂನೂ ಅದನ್ನು ಗುರುತಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಯತ್ನಿಸುವುದು ಚಾಲಕರ ಕರ್ತವ್ಯ. ಗುಂಪಿನ ರೋಷದಿಂದ ಅದು ಸಾಧ್ಯವಾಗದಿದ್ದರೆ ಅದಕ್ಕೆ ವಿನಾಯಿತಿಯಿದೆ. ಆದರೆ ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಲ್ಲಿ ಹತ್ತಿರದ ಠಾಣೆಗೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ವರದಿ ಮಾಡಲೇಬೇಕು. 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಮುಷ್ಕರ ಹೂಡಿದ್ದು, ನಿರ್ಲಕ್ಷ್ಯದ ಚಾಲನೆಯಿಂದ ಸಾವಿಗೆ ಕಾರಣರಾಗಿ, ವರದಿ ಮಾಡದೆ ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಉಪಕಲಮಿನ ವಿರುದ್ಧ. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಆದರೂ 134ನೇ ಕಲಮಿನ ಕರ್ತವ್ಯ ಹಾಗೆಯೇ ಉಳಿದಿದೆ.

ಆದ್ದರಿಂದ ಗುಂಪು ಮೈಮೇಲೆ ಬಂದರೆ ಅವರು ಅಲ್ಲಿಂದ ಸರಿದು, 112ಕ್ಕೆ ಕರೆ ಮಾಡಿ, ನೇರವಾಗಿ ಠಾಣೆಗೆ ಹೋಗಲಿ. ವಿಮಾ ಪಾಲಿಸಿಯ ಮತ್ತು ಅವರ ಲೈಸೆನ್ಸಿನ ಜೆರಾಕ್ಸ್ ನಿಮ್ಮ ಮನೆಯಲ್ಲೂ ಒಂದೊಂದು ಇರಲಿ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕೆಂದು ಅದೇ ಕಲಮು ಹೇಳುತ್ತದೆ. ಅವರು ಠಾಣೆಯಲ್ಲಿ ಕುಳಿತಿರುವ ಹೊತ್ತಿನಲ್ಲಿ ಆ ಪತ್ರಕ್ಕೆ ಬೇಕಾದ ವಿವರಗಳನ್ನು ಮಾಲೀಕರಿಗೆ ಒದಗಿಸಬೇಕಾದವರು ನೀವೇ ಆಗಬಹುದು.