ನಮ್ಮನೆಯವಳು ಹೋಗಿ ಎಂಟು ತಿಂಗಳು, ಇನ್ನೂ ಬಳೆ ಸದ್ದು ಕೇಳ್ಸತ್ತೆ

ಪ್ರಶ್ನೆ: ನನಗೆ 71 ವರ್ಷ, ಕೆಇಬಿಲಿ ಲೈನ್‌ಮನ್ ಆಗಿ ಸೇರಿ ರಿಟೈರ್ ಆದೋನು, ಸಾಗರದ ಹತ್ರ ಹಳ್ಳಿ, ಸ್ವಲ್ಪ ಅಡಿಕೆ ತೋಟ ಇದೆ. ಹೋದ ಶ್ರಾವಣದಲ್ಲಿ ನಮ್ಮನೆಯವಳು ತೀರ್ಕೊಂಡ್ಳು. ಬ್ರೈನ್ ಹ್ಯಾಮರೇಜ್, ಎರಡೇ ದಿನ ಆಸ್ಪತ್ರೆ, ಒಂದು ಮಾತೂ ಆಡ್ಲಿಲ್ಲ. ಈಗ್ಲೂ ಸಂಜೆ ಹೊತ್ತು ಅಡುಗೆಮನೆಯಿಂದ ಬಳೆ ಸದ್ದು ಕೇಳ್ಸತ್ತೆ, ಒಂದೆರಡು ಸಲ ‘ಏನೇ’ ಅಂತ ಓಗೊಟ್ಟೂ ಬಿಟ್ಟಿದೀನಿ, ತಲೆ ಕೆಟ್ಟೋಗಿದ್ಯಾ ಅಂತ ಹೆದರಿಕೆ. ಬೆಂಗಳೂರಲ್ಲಿರೋ ಮಗ ಎಲ್ಲ ಮಾರಿ ಬಂದ್ಬಿಡಿ ಅಂತಾನೆ, ದುಃಖಕ್ಕೆ ಐದು ಹಂತ ಇರತ್ತಪ್ಪ ಅಂತ ವಾಟ್ಸಾಪಲ್ಲಿ ಏನೋ ಕಳ್ಸಿದಾನೆ, ನಾನು ಯಾವ ಹಂತದಲ್ಲಿದೀನೋ ಗೊತ್ತಿಲ್ಲ. ಅವಳು ಹಾಕಿಟ್ಟ ಮಿಡಿ ಉಪ್ಪಿನಕಾಯಿ ಅರ್ಧ ಭರಣಿ ಹಾಗೇ ಇದೆ, ತಿನ್ನೋಕೂ ಆಗಲ್ಲ ಯಾರಿಗಾದ್ರೂ ಕೊಡೋಕೂ ಆಗಲ್ಲ, ಪಕ್ಕದ್ಮನೆಯವ್ರು ಈ ಸಲ ಮಿಡಿ ತರಿಸ್ಕೊಳ್ಳಲ್ವಾ ಅಂದಾಗ ಎದ್ದು ತೋಟಕ್ಕೆ ಹೋಗ್ಬಿಟ್ಟೆ. ಬಿಪಿ ಶುಗರ್ ಮಾತ್ರೆ ಎಲ್ಲ ಅವಳೇ ತೆಗೆದಿಡ್ತಿದ್ಲು, ಈಗ ನೆನಪಾದಾಗ ತಗೊಳ್ತೀನಿ. ಗಂಡಸಾಗಿ ಇಷ್ಟೆಲ್ಲ ಬರ್ಯೋಕೆ ನಾಚಿಕೆ ಆಗತ್ತೆ, ಹೆಸರು ಹಾಕ್ಬೇಡಿ.

ಉತ್ತರ: ಸರ್, ಮೊದ್ಲು ಬಳೆ ವಿಷಯ ಮುಗಿಸ್ಬಿಡ್ತೀನಿ. ನಿಮ್ಮ ತಲೆ ಕೆಟ್ಟಿಲ್ಲ. ಡೀವಿ ರೀಸ್ ಅನ್ನೋ ಡಾಕ್ಟ್ರು ವೇಲ್ಸ್‌ನಲ್ಲಿ ಗಂಡನ್ನೋ ಹೆಂಡ್ತೀನೋ ಕಳ್ಕೊಂಡ 293 ಜನರನ್ನ ಮಾತಾಡ್ಸಿ 1971ರಲ್ಲಿ ಬರೆದಿದ್ರು, ಹೆಚ್ಚುಕಮ್ಮಿ ಅರ್ಧ ಜನ ಹೋದವರು ಪಕ್ಕದಲ್ಲೇ ಇದಾರೆ ಅನ್ಸತ್ತೆ, ದನಿ ಕೇಳ್ಸತ್ತೆ, ಕಾಣ್ಸತ್ತೆ ಅಂದ್ರಂತೆ, ಅದ್ರಲ್ಲಿ ಮುಕ್ಕಾಲುಪಾಲು ಜನ ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ಎಲ್ರಿಗೂ ನಿಮ್ಮದೇ ಹೆದರಿಕೆ ನೋಡಿ. ಇಷ್ಟು ವರ್ಷ ಸಂಜೆ ಅದೇ ಹೊತ್ತಿಗೆ ಅದೇ ಸದ್ದು ಕೇಳಿದ ಕಿವಿ, ಎಂಟು ತಿಂಗಳಿಗೆ ಹೇಗೆ ಬಿಡತ್ತೆ ಹೇಳಿ. ‘ಏನೇ’ ಅನ್ಬೇಕು ಅನ್ಸಿದ್ರೆ ಅನ್ನಿ, ಯಾರಿಗೇನು ನಷ್ಟ. ಆ ದನಿ ನಿಮ್ಮನ್ನ ಬೈಯೋಕೆ ಶುರು ಮಾಡಿದ್ರೆ, ನೀನೂ ಬಾ ಅಂತ ಕರೆದಂಗೆ ಆದ್ರೆ ಮಾತ್ರ ಅವತ್ತೇ ಡಾಕ್ಟ್ರ ಹತ್ರ ಹೋಗ್ಬೇಕು, ನಾಳೆ ಅನ್ಬಾರ್ದು.

ಆ ಐದು ಹಂತದ ಮೆಸೇಜ್ ಡಿಲೀಟ್ ಮಾಡಿ. ಎಲಿಸಬೆತ್ ಕ್ಯೂಬ್ಲರ್ ರಾಸ್ ಅನ್ನೋ ಡಾಕ್ಟ್ರು 1969ರಲ್ಲಿ ಅದನ್ನ ಬರೆದಿದ್ದು ಸಾವಿನ ಹಾಸಿಗೇಲಿದ್ದ ರೋಗಿಗಳ ಹತ್ರ ಮಾತಾಡಿ, ಹಿಂದೆ ಉಳಿದವರ ಬಗ್ಗೆ ಅಲ್ಲ, ಆಮೇಲೆ ಎಲ್ರೂ ಎಲ್ಲದಕ್ಕೂ ಅಂಟಿಸ್ಬಿಟ್ರು. ಕೆಇಬಿ ಪ್ರಮೋಷನ್ ಥರ ಒಂದಾದ್ಮೇಲೊಂದು ಬರೋ ವಿಷಯ ಅಲ್ಲ ಇದು, ಬೆಳಗ್ಗೆ ತೋಟದಲ್ಲಿ ಚೆನ್ನಾಗೇ ಇರ್ತೀರ, ಮಧ್ಯಾಹ್ನ ಯಾವ್ದೋ ಡಬ್ಬಿ ಮುಚ್ಚಳ ತೆಗೆದ್ರೆ ಕಣ್ಣಲ್ಲಿ ನೀರು. ಆದ್ರೆ ಮಗನ ಮೇಲೆ ಸಿಟ್ಟು ಬೇಡ. ಅವನೂ ಅಮ್ಮನ್ನ ಕಳ್ಕೊಂಡಿದಾನೆ, ಏನು ಮಾತಾಡ್ಬೇಕು ಗೊತ್ತಾಗ್ದೆ ಫಾರ್ವರ್ಡ್ ಕಳಿಸ್ತಾನೆ (ನಮ್ಮ ಗಂಡುಮಕ್ಕಳು ಅಷ್ಟೇ, ಅಪ್ಪನ ಹತ್ರ ಅಳೋದು ಯಾರು ಕಲ್ಸಿದಾರೆ ಅವರಿಗೆ). ನೀವೇ ಫೋನ್ ಮಾಡಿ, ಅಮ್ಮ ಆವತ್ತು ಹಿಂಗೆ ಅಂದಿದ್ಲು ನೆನಪಿದ್ಯಾ ಅಂತ ಶುರು ಮಾಡಿ.

ಇನ್ನು ನನಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಆ ಮಾತ್ರೆ ವಿಷಯಕ್ಕೆ, ನೀವು ಅದನ್ನ ಕೊನೇಲಿ ಒಂದೇ ಸಾಲಲ್ಲಿ ಹೇಳಿ ಮುಗಿಸಿದೀರ. 1969ರಲ್ಲೇ ಬ್ರಿಟನ್ನಿನ ಒಂದು ಅಧ್ಯಯನ ಬಂತು, ಹೆಂಡ್ತಿ ಸತ್ತ, 55 ದಾಟಿದ 4,486 ಗಂಡಸರನ್ನ ವರ್ಷಗಟ್ಟಲೆ ಗಮನಿಸಿದ್ರು, ಮೊದಲ ಆರು ತಿಂಗಳಲ್ಲಿ ಅದೇ ವಯಸ್ಸಿನ ಬೇರೆ ಮದುವೆಯಾದ ಗಂಡಸರಿಗಿಂತ ಶೇಕಡಾ 40ರಷ್ಟು ಹೆಚ್ಚು ಸಾವು, ಅದ್ರಲ್ಲಿ ಬಹಳಷ್ಟು ಹಾರ್ಟಿಂದು. ಆ ಆರು ತಿಂಗಳು ನೀವು ದಾಟಿದೀರ, ಆದ್ರೆ ಬಿಪಿ ಶುಗರ್ ಎರಡೂ ಇರೋರು ಮಾತ್ರೆ ನೆನಪಾದಾಗ ತಗೊಂಡ್ರೆ ಅಪಾಯ ಹಂಗೇ ಇರತ್ತೆ. ಮೆಡಿಕಲ್ ಸ್ಟೋರಲ್ಲಿ ವಾರದ ಏಳು ದಿನಕ್ಕೆ ಖಾನೆ ಇರೋ ಮಾತ್ರೆ ಡಬ್ಬಿ ಸಿಗತ್ತೆ, ಭಾನುವಾರ ಕೂತ್ಕೊಂಡು ತುಂಬಿಸ್ಕೊಳ್ಳಿ, ತಿಂಡಿ ತಟ್ಟೆ ಇಡೋ ಜಾಗದಲ್ಲೇ ಇಡಿ. ಒಂದು ಸಲ ಬ್ಲಡ್ ಟೆಸ್ಟ್ ಮಾಡಿಸಿ, ಎಂಟು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ ಅಂತಾನೂ ನೋಡಿ.

ನಮ್ಮ ಕಡೆ ಗಂಡಸರಿಗೆ ಹೆಂಡ್ತಿ ಹೋದ್ರೆ ನೆಂಟರೂ ಅರ್ಧ ಹೋದಂಗೆ. ಯಾರ ಮನೇಲಿ ಸೀಮಂತ, ಯಾರಿಗೆ ಹುಷಾರಿಲ್ಲ, ಯಾರಿಗೆ ಫೋನ್ ಮಾಡ್ಬೇಕು ಎಲ್ಲ ಅವರೇ ನೋಡ್ಕೊಳ್ತಿದ್ರು, ನೀವು ‘ಹೌದಾ’ ಅಂದ್ರೆ ಸಾಕಿತ್ತು. ಈಗ ಆ ಕೆಲಸಾನೂ ನಿಮ್ಮದೇ. ಅವರ ತಂಗಿನೋ ಅತ್ತಿಗೆನೋ ಇದ್ರೆ ಅವರಿಗೆ ಫೋನ್ ಮಾಡಿ, ಅವರು ನಿಮ್ಮೆದುರು ಹೆಸರು ಎತ್ತೋಕೆ ಹಿಂಜರೀತಿರ್ತಾರೆ, ನೀವೇ ಎತ್ತಿ. ಹಾಗೇ ಅಡುಗೇನೂ ನಾಲ್ಕು ಬಗೆ ಕಲೀರಿ, ಒಂದೆಲಗದ ತಂಬುಳಿ ಅನ್ನ ಮಾಡ್ಕೊಳ್ಳೋಕೆ ದೊಡ್ಡ ವಿದ್ಯೆ ಏನೂ ಬೇಡ, ಪಕ್ಕದ್ಮನೆಯವ್ರನ್ನೇ ಕೇಳಿ, ಅವರೂ ಪಾಪ ಏನೋ ಮಾತು ಶುರು ಮಾಡೋಕೆ ಮಿಡಿ ವಿಷಯ ಎತ್ತಿದ್ದು.

ಭರಣಿ ಅಲ್ಲೇ ಇರ್ಲಿ ಬಿಡಿ. ಅಪ್ಪೆಮಿಡಿ ಸರಿಯಾಗಿ ಹಾಕಿದ್ರೆ ವರ್ಷ ದಾಟಿದ್ರೂ ಕೆಡಲ್ಲ, ಒದ್ದೆ ಸೌಟು ಹಾಕ್ಬೇಡಿ ಅಷ್ಟೇ. ಒಂದಿನ ಮೊಸರನ್ನದ ಜೊತೆ ಒಂದು ಮಿಡಿ ತಿನ್ಬೇಕು ಅನ್ಸಬಹುದು, ಅನ್ಸದೇನೂ ಇರಬಹುದು. ಮನೆ ತೋಟದ ವಿಷಯಾನೂ ಹಂಗೇ, ಅವರ ವರ್ಷಾಂತದ ಕಾರ್ಯ ಆಗೋವರೆಗೂ ಯಾವ ಪೇಪರಿಗೂ ಸೈನ್ ಹಾಕ್ಬೇಡಿ. ಮಳೆಗಾಲದಲ್ಲಿ ಬೇಕಾದ್ರೆ ಮಗನ ಮನೇಲಿ ಒಂದಷ್ಟು ದಿನ ಇದ್ದು ಬನ್ನಿ, ಆದ್ರೆ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡ್ಸೋ ಹೊತ್ತಿಗೆ ನೀವು ತೋಟದಲ್ಲಿರ್ಬೇಕು ಅಂತ ಅವನಿಗೆ ಮೊದ್ಲೇ ಹೇಳಿ ಹೋಗಿ.

ಈ ದುಃಖ ಕಾಯಿಲೆ ಆಗೋದು ಯಾವಾಗ ಅಂದ್ರೆ, ಆರು ತಿಂಗಳು ದಾಟಿದ್ಮೇಲೂ ದಿನಾ ಅದೇ ಸಂಕಟ, ಏಳೋಕೆ ಆಗಲ್ಲ, ಸ್ನಾನ ಊಟ ಬೇಡ, ಬದುಕೇ ಬೇಡ ಅನ್ನೋ ಹಾಗಾದ್ರೆ. ತಿಂಗಳ ಲೆಕ್ಕದಲ್ಲಿ ನೀವು ಅಲ್ಲಿಗೆ ಬಂದಿದೀರ, ಆದ್ರೆ ತೋಟ ನೋಡ್ಕೊಳ್ತಿದೀರ, ಇಷ್ಟುದ್ದ ಕಾಗದ ಬರೆದಿದೀರ, ನನಗೆ ಹಾಗೆ ಕಾಣಲ್ಲ. ಆದ್ರೂ ಕಾಗದ ಓದಿ ಪೂರ್ತಿ ಹೇಳೋಕಾಗಲ್ಲ, ರಾತ್ರಿ ತೀರಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ಬಹುದು. ಹಿರಿಯ ನಾಗರಿಕರಿಗೇ ಅಂತ 14567 ಇದೆ, ಅದು ಹಗಲು ಹೊತ್ತಿಗೆ. ಗಂಡಸಾಗಿ ನಾಚಿಕೆ ಅಂದ್ರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ ಸರ್.

ಪ್ರಶ್ನೆ: ಅಪ್ಪ ಹೋಗಿ ವರ್ಷ ಆಯ್ತು. ಅಮ್ಮಂಗೆ 74. ಈಗ ಹಾಲಿಟ್ಟು ಮರೀತಾರೆ, ಹೇಳಿದ್ದನ್ನೇ ಮತ್ತೆ ಕೇಳ್ತಾರೆ, ಏನ್ ಕೇಳಿದ್ರೂ ‘ಗೊತ್ತಿಲ್ಲಪ್ಪ’ ಅಂತ ಸುಮ್ನಾಗ್ತಾರೆ. ಮರೆವಿನ ಕಾಯಿಲೆನಾ? – ಮೈಸೂರಿನ ಓದುಗರು

ಉತ್ತರ: ಇರಬಹುದು, ಇಲ್ದೇನೂ ಇರಬಹುದು, ಮನೇಲಿ ಕೂತು ತೀರ್ಮಾನ ಮಾಡ್ಬೇಡಿ. ವಯಸ್ಸಾದವರಿಗೆ ಡಿಪ್ರೆಶನ್ ಅಳು ಆಗಿ ಬರ್ದೆ ಮರೆವಾಗಿ ಬರೋದುಂಟು, ಆ ‘ಗೊತ್ತಿಲ್ಲಪ್ಪ’ ಕೇಳಿದ್ರೆ ನನಗೆ ಮೊದ್ಲು ಅದೇ ಅನುಮಾನ, ಮತ್ತೆ ಅದಕ್ಕೆ ಔಷಧಿ ಇದೆ. ಇನ್ನೊಂದು, ಗಂಡ ಹೆಂಡ್ತಿ ಜೊತೇಲಿರೋವಾಗ ಒಬ್ಬರ ಮರೆವನ್ನ ಇನ್ನೊಬ್ಬರು ಮುಚ್ಚಿಕೊಂಡು ಹೋಗ್ತಿರ್ತಾರೆ, ಗ್ಯಾಸ್ ಆಫ್ ಮಾಡೋದು ಅಪ್ಪ ಆಗಿರಬಹುದು, ನಿಮಗೆ ಗೊತ್ತಾಗಿರಲ್ಲ, ಹಾಗಾಗಿ ಇದು ಅಪ್ಪ ಹೋದ್ಮೇಲೆ ಶುರುವಾಗಿದ್ದೋ ಈಗ ಕಣ್ಣಿಗೆ ಬಿದ್ದಿದ್ದೋ ಅಂತ ಅಕ್ಕಪಕ್ಕದವರನ್ನ ಕೇಳಿ. ಕಿವಿ ಸರಿಯಾಗಿ ಕೇಳ್ಸತ್ತಾ ನೋಡ್ಸಿ. ಬಿ12, ಥೈರಾಯ್ಡ್, ಸೋಡಿಯಂ ಟೆಸ್ಟ್ ಮಾಡ್ಸಿ, ಕೆಲವು ಬಿಪಿ ಮಾತ್ರೇಲಿ ಸೋಡಿಯಂ ಇಳಿದು ಮಂಕಾಗೋದು ಈ ವಯಸ್ಸಲ್ಲಿ ಕಾಮನ್. ಡಾಕ್ಟ್ರ ಹತ್ರ ಹೋಗೋವಾಗ ಅಮ್ಮ ತಗೊಳ್ಳೋ ಎಲ್ಲ ಮಾತ್ರೆ ಸ್ಟ್ರಿಪ್ಪೂ, ನಿದ್ದೆ ಮಾತ್ರೆ, ಆಯುರ್ವೇದದ ಚೂರ್ಣ ಇದ್ರೆ ಅದೂ, ಒಂದು ಕವರಿಗೆ ಹಾಕ್ಕೊಂಡು ಹೋಗಿ.