ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಆಪರೇಟರ್ ಆಗಿದ್ದೇನೆ, ಕಾಯಂ ಆಗುವವರೆಗೆ ಕಾಯಲೇ, ನೇಮಕಾತಿ ಪರೀಕ್ಷೆಗೆ ಓದಲೇ?

ಕಾಯುವ ಮಾತು ಬಿಡಿ. ನಿಮ್ಮನ್ನು ಕಾಯಂ ಮಾಡಬೇಕಾದವರು ಯಾರು? ಕೆಲಸ ಹೇಳುವುದು ಕಚೇರಿ, ಸಂಬಳ ಹಾಕುವುದು ಏಜೆನ್ಸಿ.

ನಾನೂ ತಾಲ್ಲೂಕು ಕಚೇರಿಯೊಂದರಲ್ಲಿ ಡಾಟಾ ಎಂಟ್ರಿ ಆಪರೇಟರ್ ಆಗಿದ್ದವಳು. ಪಹಣಿ ತಿದ್ದುಪಡಿ, ಜಾತಿ–ಆದಾಯ ಪ್ರಮಾಣಪತ್ರ, ಚುನಾವಣೆ ಬಂದರೆ ಮತದಾರರ ಪಟ್ಟಿ, ಎಲ್ಲವೂ ನನ್ನ ಮೇಜಿಗೇ. ಪಕ್ಕದಲ್ಲಿದ್ದ ದ್ವಿತೀಯ ದರ್ಜೆ ಸಹಾಯಕರಿಗೆ ಸೇವಾ ಪುಸ್ತಕ, ಗಳಿಕೆ ರಜೆ, ತುಟ್ಟಿಭತ್ಯೆ. ನನಗೆ ಜ್ವರ ಬಂದರೆ ಆ ದಿನದ ಸಂಬಳ ಕಡಿತ. ಅವರ ಮೇಲೆ ಸಿಟ್ಟಿಲ್ಲ. ಅವರಿಗೆ ಕಂಪ್ಯೂಟರ್ ಕಲಿಸಿದ್ದು ನಾನೇ, ಅದಿರಲಿ.

ನನ್ನನ್ನು ಮುಳುಗಿಸಿದ್ದು ಒಂದು ಸಹಿ. ಟೆಂಡರ್ ಅವಧಿ ಮುಗಿದಾಗ ಏಜೆನ್ಸಿಯ ಹುಡುಗ ಎರಡು ಕಾಗದ ತಂದ. ಒಂದು, ಹಳೆಯ ಏಜೆನ್ಸಿಗೆ ‘ಸ್ವಇಚ್ಛೆಯಿಂದ’ ರಾಜೀನಾಮೆ. ಇನ್ನೊಂದು, ಹೊಸ ಏಜೆನ್ಸಿಯಲ್ಲಿ ಹೊಸ ನೇಮಕ. ಎರಡಕ್ಕೂ ಮಾಲೀಕ ಒಬ್ಬನೇ, ಫಲಕ ಮಾತ್ರ ಬೇರೆ. “ಸಹಿ ಹಾಕಮ್ಮ, ಬರೀ ಕಾಗದ” ಎಂದರು ಶಿರಸ್ತೇದಾರರು. ಕಾಗದದಿಂದಲೇ ನಡೆಯುವ ಕಚೇರಿಯಲ್ಲಿ ಕುಳಿತು ಆ ಮಾತನ್ನು ನಂಬಿದೆ. ಓದದೆ ಹಾಕಿದ್ದಲ್ಲ, ‘ಸ್ವಇಚ್ಛೆ’ ಎಂಬಲ್ಲಿ ಕಣ್ಣು ನಿಂತಿತ್ತು ಕೂಡ. ಆದರೆ ಸಂಬಳ ಬಾಕಿ ಇತ್ತು, ಸಹಿ ಹಾಕದವರ ಹೆಸರು ಹೊಸ ಪಟ್ಟಿಯಲ್ಲಿ ಇರುವುದಿಲ್ಲವೆಂಬ ಗುಸುಗುಸು ಇತ್ತು. ಪ್ರತಿಯನ್ನಾದರೂ ಕೇಳಬೇಕಿತ್ತು, ಕೇಳಲಿಲ್ಲ. ಮುಂದೆ ಕೆಲಸ ಹೋದಾಗ, ಸೇವೆಗೆಂದು ಕೊನೆಗೆ ಸಿಗುವ ಗ್ರಾಚ್ಯುಟಿ ಹಣ ಕೇಳಿದೆ. ಆಗಿನ ಕಾನೂನಿಗೆ ಐದು ವರ್ಷಗಳ ನಿರಂತರ ಸೇವೆ ಬೇಕು; ಎರಡೂ ಕಡೆ ನನ್ನದು ಬಿಡಿಬಿಡಿಯಾಗಿ ಅದಕ್ಕಿಂತ ಕಡಿಮೆ. ಕಾಗದದಲ್ಲಿ ವರ್ಗಾವಣೆ ಎಂದಿದ್ದರೆ ಎರಡನ್ನೂ ಕೂಡಿಸಿ ವಾದಿಸಬಹುದಿತ್ತು, ನೀವೇ ಬಿಟ್ಟು ಹೋದಿರೆಂದು ನಿಮ್ಮ ಸಹಿಯೇ ಹೇಳುತ್ತಿದೆಯಲ್ಲ ಎಂದರು ವಕೀಲರು.

ನ್ಯಾಯಾಲಯ ಕೈಹಿಡಿಯುತ್ತದೆ ಎನ್ನುವವರು ನಿಮಗೂ ಸಿಗುತ್ತಾರೆ. ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಹುಟ್ಟಿದ್ದೇ ನಮ್ಮ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಿಂದ. ಬಹುಕಾಲ ದುಡಿದರೆಂಬ ಒಂದೇ ಕಾರಣಕ್ಕೆ ಕಾಯಂ ಆಗುವ ಹಕ್ಕು ಬರುವುದಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಬಾರಿಯ ವಿನಾಯಿತಿ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ತೀರ್ಪನ್ನು ನೆಪ ಮಾಡಿಕೊಂಡು ದೀರ್ಘಕಾಲ ದುಡಿದವರನ್ನು ಹೊರಹಾಕುವಂತಿಲ್ಲ ಎಂದು ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸಗಾರರನ್ನು ಕಾಯಂ ಮಾಡಿಸಿತು. ಸಂತೋಷ. ಆದರೆ ಅವರನ್ನು ಆಯೋಗವೇ ಕೆಲಸಕ್ಕೆ ತೆಗೆದುಕೊಂಡಿತ್ತು. ನಿಮಗೂ ಸರ್ಕಾರಕ್ಕೂ ನಡುವೆ ಏಜೆನ್ಸಿ ನಿಂತಿದೆ.

ಪರೀಕ್ಷೆಗೆ ಓದಿ, ಈಗಲೇ. ನಾನು ಪುಸ್ತಕ ತೆರೆಯುವ ಹೊತ್ತಿಗೆ ವಯೋಮಿತಿ ದಾಟಿತ್ತು. ಭವಿಷ್ಯನಿಧಿಯ ಪಾಸ್‌ಬುಕ್ ಮುದ್ರಿಸಿ ಮನೆಯಲ್ಲಿಡಿ, ಕಚೇರಿಯ ಕಪಾಟಿನಲ್ಲಲ್ಲ. ಏಜೆನ್ಸಿ ಬದಲಾಗುವಾಗ ರಾಜೀನಾಮೆ ಪತ್ರ ತಂದರೆ, ‘ಟೆಂಡರ್ ಬದಲಾದ ಕಾರಣ ಮಾತ್ರ, ಇದೇ ಕಚೇರಿಯಲ್ಲಿ ಕೆಲಸ ಮುಂದುವರಿದಿದೆ’ ಎಂದು ಸಹಿಯ ಮೇಲ್ಗಡೆ ಕೈಯಾರೆ ಬರೆದು, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡ ಮೇಲೆಯೇ ಕೊಡಿ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.